ಸಾರಿಸದೆ ಬಿಟ್ಟ ಮೂಲೆ

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಯಾವ ಕಡೆಗೆ ಬೀಸಬೇಕೆಂದು ಗಾಳಿಗೆ ಗೊತ್ತಿರಲಿಲ್ಲ. ಸಿಕ್ಕವರನ್ನು ಕೇಳಿಕೊಂಡು ಬೀಸುತ್ತಿತ್ತು. ಪ್ರಾಣಿಗಳೂ ಮನುಷ್ಯರೂ ಒಂದೇ ಭಾಷೆಯಲ್ಲಿ ಜಗಳವಾಡುತ್ತಿದ್ದರು. ಆಗ ನಾಯಿಗಳು ನಿದ್ದೆ ಬಂದರೆ ನಿಂತಲ್ಲೇ ದೊಪ್ಪನೆ ಬಿದ್ದು ಮಲಗುತ್ತಿದ್ದವು. ಸುತ್ತುವುದು ಗಿತ್ತುವುದು ಏನೂ ಇರಲಿಲ್ಲ.

ಒಂದು ಕಲ್ಲುಗುಡ್ಡದ ಬುಡದಲ್ಲಿ ದ್ಯಾವೀರಮ್ಮ ಮತ್ತು ಅವಳ ಗಂಡ ಮುದ್ದಯ್ಯ ಲೋಕದ ಮೊದಲ ಮನೆ ಕಟ್ಟಿದರು. ಮಣ್ಣಿನ ಗೋಡೆ, ಹುಲ್ಲಿನ ಸೂರು, ಮುಂದೊಂದು ಹೊಸಿಲು. ಅವರ ನಾಯಿಯ ಹೆಸರು ಕೆಂಚ. ಅವನಿನ್ನೂ ಕಣ್ಣು ಬಿಡದ ಮರಿಯಾಗಿದ್ದಾಗಲೇ ತಾಯಿ ಸತ್ತಿದ್ದಳು. ದ್ಯಾವೀರಮ್ಮ ಬೆರಳು ಅದ್ದಿ ಅದ್ದಿ ರಾಗಿ ಅಂಬಲಿ ನೆಕ್ಕಿಸಿ ಸಾಕಿದ್ದಳು. ಅವನೆಂದರೆ ಅವಳಿಗೆ ಪ್ರಾಣ.

ಆದರೆ ಕೆಂಚನಿಗೆ ಮನೆಯೊಳಗೆ ಬರುವುದೆಂದರೆ ಆಗದು. ಅಂಗಳದವರೆಗೆ ಕುಣಿಯುತ್ತ ಬರುತ್ತಿದ್ದ. ಹೊಸಿಲು ಕಂಡ ಕೂಡಲೇ ನಾಲ್ಕು ಕಾಲೂ ಊರಿ ನಿಂತುಬಿಡುತ್ತಿದ್ದ. ರಾತ್ರಿಯೆಲ್ಲ ಹೊಂಗೆಮರದ ಕೆಳಗೇ ಮಲಗುತ್ತಿದ್ದ.

ಗುಡ್ಡದ ಮೇಲೆ ಒಂದು ಚಿರತೆ ಇತ್ತು. ಮನೆ ಕಟ್ಟಿದ ದಿನವೇ ಅದು ಇಳಿದು ಬಂದು ಕರಾರು ಹೇಳಿ ಹೋಗಿತ್ತು. "ಸೂರಿನ ಕೆಳಗೆ ಮಲಗಿದ್ದು ನಿಮ್ದು. ಬಯಲಲ್ಲಿ ಮಲಗಿದ್ದು ನಂದು. ಆಮ್ಯಾಕೆ ನ್ಯಾಯ, ಪಂಚಾಯ್ತಿ ಅಂತ ಬರಬ್ಯಾಡಿ."

ಒಂದು ಬೆಳಿಗ್ಗೆ ಚಿರತೆ ಬಂಡೆಯ ಮೇಲೆ ಕೂತು ಮೀಸೆ ನೆಕ್ಕಿಕೊಳ್ಳುತ್ತ ಕೂಗಿ ಹೇಳಿತು: "ದ್ಯಾವೀರಮ್ಮ, ಜಿಂಕೆ ತಿಂದಿವ್ನಿ, ವಾರ ಹಸಿವಿಲ್ಲ. ಇವತ್ತಿಗೆ ಎಂಟನೇ ದಿನ, ದೀಪ ಹಚ್ಚೋ ಹೊತ್ಗೆ ನಿನ್ನ ಕೆಂಚನ್ನ ತಿನ್ನಾಕೆ ಬತ್ತೀನಿ."

ಚಿರತೆ ಹೇಳಿದರೆ ಹೇಳಿದ ಹಾಗೆ. ಅಷ್ಟರೊಳಗೆ ಕೆಂಚನನ್ನು ಸೂರಿನ ಕೆಳಗೆ ಮಲಗಿಸಲೇಬೇಕಿತ್ತು.

ಮೊದಲು ಮುದ್ದಯ್ಯ ಕೈ ಹಾಕಿದ. ಕೆಂಚನ ಕೊರಳಿಗೆ ಹಗ್ಗ ಕಟ್ಟಿ, ಹೊಸಿಲ ಒಳಗೆ ನಿಂತು ಎಳೆದ. ಹಗ್ಗ ಹರಿಯಿತು. ಮುದ್ದಯ್ಯ ಒಳಗೆ ಬಿದ್ದ, ಕೆಂಚ ಹೊರಗೇ ಉಳಿದ.

"ನಾಯಿ ಬಾಲ ಯಾವತ್ತಿದ್ರೂ ಡೊಂಕೇ ಕಣಮ್ಮಿ" ಎಂದ ಮುದ್ದಯ್ಯ ಸೊಂಟ ಹಿಡಿದುಕೊಂಡು.

"ಬಾಲದ ಸುದ್ದಿ ಯಾಕೆ? ನಂಗೆ ಅವನ ಕಾಲು ಒಳಗೆ ಬಂದ್ರೆ ಸಾಕು. ನೀವು ಸುಮ್ಕಿರಿ" ಎಂದಳು ದ್ಯಾವೀರಮ್ಮ.

ಎರಡನೇ ದಿನ ಅವಳು ಹೊಸಿಲ ಮೇಲೆ ಒಂದು ಚೂರು ರಾಗಿ ಮುದ್ದೆ ಇಟ್ಟಳು. ತಾನು ಒಳಗೆ ಕೂತಳು. ಕರೆಯಲಿಲ್ಲ, ಗದರಿಸಲಿಲ್ಲ. ಮಧ್ಯಾಹ್ನ ಕಳೆಯುವ ಹೊತ್ತಿಗೆ ಕೆಂಚ ಮುದ್ದೆ ತಿಂದ. ಇನ್ನೊಂದು ಚೂರನ್ನು ಒಳಗಿಟ್ಟಳು. ಸಂಜೆಗೆ ಅವನ ಎರಡು ಕಾಲು ಒಳಗೆ, ಎರಡು ಹೊರಗೆ. ದ್ಯಾವೀರಮ್ಮ ಹಿಗ್ಗಿದಳು.

ಬೆಳಗಾಯಿತು. ದ್ಯಾವೀರಮ್ಮ ಸಗಣಿ ಕಲಸಿ ನೆಲ ಸಾರಿಸಿ, ರಂಗೋಲಿ ಇಟ್ಟಳು. ಕೆಂಚ ಬಂದ, ಮೂಸಿದ, ಹಿಂದೆ ಸರಿದ.

ಮತ್ತೆ ಮುದ್ದೆ, ಮತ್ತೆ ಕಾಯುವುದು. ಅವತ್ತು ಸಂಜೆಗೆ ಮೂರು ಹೆಜ್ಜೆ ಒಳಗೆ.

ಬೆಳಗಾಯಿತು. ನೆಲ ಸಾರಿಸಿದಳು. ಕೆಂಚ ಬಂದ, ಮೂಸಿದ, ಹಿಂದೆ ಸರಿದ.

ಹೀಗೇ ಆರು ದಿನ ಕಳೆಯಿತು. ತಪ್ಪು ಎಲ್ಲಿದೆ ಎಂದು ನಿನಗೆ ಹೊಳೆಯಿತೇನು ಮಗು? ಅವಳಿಗೆ ಹೊಳೆಯಲಿಲ್ಲ. ದಿನಾ ಮಾಡುವ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ.

ಅಂಗಳದಲ್ಲಿ ಕಾಳು ಹೆಕ್ಕುತ್ತಿದ್ದ ಕೋಳಿಗೆ ಮಾತ್ರ ಇದನ್ನೆಲ್ಲ ನೋಡಿ ಹೊಟ್ಟೆ ಉರಿಯಿತು. "ಬತ್ತೀನಿ ಅನ್ನೋ ನನ್ನ ಪೊರಕೇಲಿ ಓಡಿಸ್ತೀಯ. ಬರಾಕಿಲ್ಲ ಅನ್ನೋನಿಗೆ ಮುದ್ದೆ ಇಕ್ತೀಯ. ಚೆನ್ನಾಗೈತೆ!"

ಏಳನೇ ದಿನ ಬೆಳಿಗ್ಗೆಯೂ ಕೆಂಚ ಮೂಸಿ ಹಿಂದೆ ಸರಿದಾಗ ದ್ಯಾವೀರಮ್ಮನಿಗೆ ಅಳು ಬಂತು. ಸಗಣಿ ಕೈಯಲ್ಲೇ ಹೊಸಿಲ ಮೇಲೆ ಕೂತು, ಮೊದಲ ಸಲ ಅವನನ್ನೇ ಕೇಳಿದಳು. "ನಾಳೆ ಚಿರತೆ ಬತ್ತದೆ ಕಣ್ಲಾ. ಯಾಕ್ಲಾ ಮಗಾ, ನಿನ್ನೆ ಒರಳುಕಲ್ಲಿನ ತನಕ ಬಂದೋನು ಇವತ್ತು ಯಾಕೆ ಬರಾಕಿಲ್ಲ ಅಂತೀಯ?"

ಕೆಂಚ ತಲೆ ತಗ್ಗಿಸಿದ. "ನಿನ್ನೆ ಬಂದಿದ್ದು ಈ ಮನೆ ಅಲ್ಲ ಕಣವ್ವ."

"ಮತ್ತೆ?"

"ಆ ಮನೇಲಿ ನನ್ನ ವಾಸನೆ ಇತ್ತು. ಕಷ್ಟಪಟ್ಟು ಗುರುತು ಮಾಡ್ಕೊಂಡಿದ್ದೆ. ಬೆಳಗಾಗೋದ್ರಲ್ಲಿ ಆ ಮನೆ ಹೋಗಿರ್ತದೆ. ದಿನಾ ಹೊಸ ಮನೆ ಇಟ್ಕೊಂಡು ಬಾ ಬಾ ಅಂದ್ರೆ ನಾನು ಎಷ್ಟು ಮನೆಗೆ ಹೆದರ್ಕೊಳ್ಳಲಿ?"

ದ್ಯಾವೀರಮ್ಮ ತನ್ನ ಕೈ ನೋಡಿಕೊಂಡಳು. ಬೆರಳ ಸಂದಿಯಲ್ಲೆಲ್ಲ ಸಗಣಿ. "ಅಯ್ಯೋ, ನಾನೇ ಕರೆದು ನಾನೇ ಒರೆಸ್ತಿದ್ನಲ್ಲೋ" ಎಂದು ಹಣೆ ಚಚ್ಚಿಕೊಂಡಳು. ಇಷ್ಟು ದಿನ ಅವನನ್ನು ಮೊಂಡ ಎಂದು ಬೈದುಕೊಂಡಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

ಅವತ್ತು ಇಡೀ ದಿನ ಒರಳುಕಲ್ಲಿನ ಪಕ್ಕದ ಮೂಲೆಯಲ್ಲಿ ಕೂತಳು. ಸಂಜೆಗೆ ಕೆಂಚ ಅಲ್ಲಿಯವರೆಗೂ ಬಂದ. ಅವಳ ಸೀರೆಯ ಸೆರಗಿಗೆ ಮೂಗು ಒರೆಸಿ, ಮುದ್ದೆ ತಿಂದು, ನೆಲಕ್ಕೆ ಮೈ ಉಜ್ಜಿ ಹೋದ.

ಎಂಟನೇ ದಿನ ಶುಕ್ರವಾರ. ದ್ಯಾವೀರಮ್ಮ ಮನೆಯೆಲ್ಲ ಸಾರಿಸಿ, ಒರಳಿನ ಪಕ್ಕದ ಮೊರದಗಲದ ಜಾಗ ಹಾಗೇ ಬಿಟ್ಟಳು.

ಮುದ್ದಯ್ಯ ಬೆಚ್ಚಿದ. "ಶುಕ್ರವಾರ ಮೂಲೆ ಸಾರಿಸ್ದೆ ಬಿಟ್ಟಿದ್ದೀಯಲ್ಲಮ್ಮಿ! ಲಕ್ಷ್ಮಿ ಒಳಕ್ಕೆ ಬತ್ತಾಳಾ?"

"ಲಕ್ಷ್ಮಿಗೆ ಮಿಕ್ಕಿದ ಮನೆಯೆಲ್ಲ ಐತೆ. ಇವನಿಗೆ ಇಷ್ಟೇ ಇರೋದು."

ದೀಪ ಹಚ್ಚುವ ಹೊತ್ತಾಯಿತು. ಗಾಳಿ ಓಡಿ ಬಂದು, "ಇಳೀತಾ ಐತೆ, ಇಳೀತಾ ಐತೆ" ಎಂದಿತು. ಕೆಂಚ ಹೊಸಿಲ ಮುಂದೆ ನಿಂತ. ಹಸಿ ಸಗಣಿಯ ವಾಸನೆ ಮುಖಕ್ಕೆ ಹೊಡೆಯಿತು. ಕಾಲು ಹಿಂದಕ್ಕೆ ಸರಿಯಿತು. ಆದರೆ ಒಳಗೆಲ್ಲೋ ಬಹಳ ಸಣ್ಣಗೆ ಇನ್ನೊಂದು ವಾಸನೆ ಇತ್ತು. ಅದು ತನ್ನದೇ ಇರಬಹುದೆ? ಕಣ್ಣು ಮುಚ್ಚಿಕೊಂಡು ಹೊಸಿಲು ದಾಟಿದ.

ಅವನ ಹಿಂದೆಯೇ ಚಿರತೆ ಬಂದು ಹೊಸಿಲಾಚೆ ಕೂತಿತು. "ಸೂರಿನ ಕೆಳಗೆ ಮಲಗಿದ್ದು ಅಂತ ಹೇಳಿದ್ದೆ, ನಿಂತಿದ್ದು ಅಂತ ಅಲ್ಲ. ಮಲಗ್ತೀಯೋ, ಈಚೆಗೆ ಬತ್ತೀಯೋ?"

ಕೆಂಚ ಮೂಲೆಗೆ ಹೋಗಿ ಮೂಗು ನೆಲಕ್ಕಿಟ್ಟು ಒಂದು ಸುತ್ತು ಸುತ್ತಿದ. ಸುತ್ತಲಿನ ನೆಲದ ಸಗಣಿ ವಾಸನೆಯೇ ಮೂಗಿಗೆ ಬಡಿಯಿತು. ಬಾಗಿಲ ಕಡೆ ನೋಡಿದ. ದ್ಯಾವೀರಮ್ಮನಿಗೆ ಓಡಿಹೋಗಿ ತಬ್ಬಿಕೊಳ್ಳಬೇಕೆನಿಸಿತು; ಸೆರಗು ಬಾಯಿಗೆ ತುರುಕಿಕೊಂಡು ಕೂತಳು. ಹೆದರಿದವನನ್ನು ಎಳೆದರೆ ಏನಾಗುತ್ತದೆಂದು ಅವಳು ನೋಡಿದ್ದಳು. ಕೆಂಚ ಎರಡನೇ ಸುತ್ತು ಸುತ್ತಿದ. ವಾಸನೆ ಸಿಕ್ಕಿತು, ತಪ್ಪಿತು. ಮೂರನೇ ಸುತ್ತಿಗೆ ಸಿಕ್ಕೇ ಸಿಕ್ಕಿತು: ತನ್ನ ಮೈಯ ಧೂಳು, ತನ್ನ ಎರಡು ಕೂದಲು, ನಿನ್ನೆ ತಾನು ಉದುರಿಸಿದ ಮುದ್ದೆಯ ಚೂರು.

ಈ ಮನೆ ನಿನ್ನೆಯದೇ! ಮೂಗನ್ನು ಬಾಲದಡಿ ಸೇರಿಸಿ ಕೆಂಚ ಮುದುರಿ ಮಲಗಿದ.

ಚಿರತೆ ಎದ್ದಿತು. "ಮಾತು ಅಂದ್ರೆ ಮಾತು" ಎಂದು ಗೊಣಗಿ ಗುಡ್ಡ ಹತ್ತಿತು. ದ್ಯಾವೀರಮ್ಮ ಆಗ ಜೋರಾಗಿ ಅತ್ತಳು, ಮುದ್ದಯ್ಯನೂ ಅತ್ತ, ಕೆಂಚ ಮಾತ್ರ ನಿದ್ದೆ ಹೋಗಿದ್ದ.

ಈಗ ನಿಮ್ಮ ಮನೆಯಲ್ಲಿ ಸಗಣಿಯ ನೆಲವಿಲ್ಲ, ಗೋಣಿಚೀಲದ ಮೇಲೆ ಮಲಗುವ ನಾಯಿಯನ್ನು ಯಾರೂ ಹೆದರಿಸುವುದೂ ಇಲ್ಲ. ಆದರೂ ಅವನು ಮಲಗುವ ಮೊದಲು ಮೂಗು ಕೆಳಗಿಟ್ಟು ಒಂದು, ಎರಡು, ಮೂರು ಸುತ್ತು ಸುತ್ತಿದರೆ ನಗಬೇಡ ಮಗು, ಅವಸರಪಡಿಸಲೂ ಬೇಡ: ಇಲ್ಲಿ ನನಗೆ ಅಂತ ಬಿಟ್ಟ ಜಾಗ ಇವತ್ತೂ ಇದೆಯೇ ಎಂದು ಅವನು ನೋಡಿಕೊಳ್ಳುತ್ತಿರುತ್ತಾನೆ.