ಲೇಸರಿನ ರೆಪ್ಪೆ

ಲೇಸರ್ ಪೆಟ್ಟಿಗೆಯೊಳಗೆ ಬೆಳಕನ್ನು ಕುಣಿಸಿ ಗೋಡೆಯ ಮೇಲೆ ಚಿತ್ರ ಬರೆಯುವ ಕನ್ನಡಿಯಿತ್ತು. ಅದು ಗೆರೆಯಿಂದ ಗೆರೆಗೆ ಹಾರುವಾಗ ಬೆಳಕನ್ನು ತಡೆಯುವ ತಗಡೊಂದಿತ್ತು. ಪೆಟ್ಟಿಗೆ ಕಟ್ಟಿದವರು ಅದನ್ನು ರೆಪ್ಪೆ ಎನ್ನುತ್ತಿದ್ದರು.

“ನನ್ನ ಅರ್ಧ ಕುಣಿತವನ್ನು ನೀನೇ ನುಂಗುತ್ತೀಯೆ. ತೆರೆದೇ ಇರು!” ಎಂದು ಕನ್ನಡಿ ದಿನವೂ ಗದರುತ್ತಿತ್ತು.

“ನೀವು ಎಲ್ಲಾದರೂ ನಿಂತರೆ ಬೆಳಕು ಸುಡುತ್ತದೆ, ಒಡೆಯಾ. ಆಗ ಮುಚ್ಚಲು ನಾನು ಬೇಕು.”

“ನಾನು ನಿಲ್ಲುವುದುಂಟೆ?”

ಬೈಸಿಕೊಂಡು ಬೇಸತ್ತ ರೆಪ್ಪೆ ಒಂದು ಸಂಜೆ ಸಭಾಂಗಣದ ಬೆಳಕಿನಾಟದಲ್ಲಿ ಮುಚ್ಚದೆ ಸುಮ್ಮನಿತ್ತು. ಗೋಡೆಯ ಮೇಲೆ ಬರೆಯುತ್ತಿದ್ದ ನವಿಲಿನ ತುಂಬ ಅಡ್ಡಾದಿಡ್ಡಿ ಗೆರೆಗಳೆದ್ದವು. ಹಿಗ್ಗಿ ಕುಣಿದ ಕನ್ನಡಿ ಸಭಿಕರತ್ತ ವಾಲಿ ಸಿಕ್ಕಿಕೊಂಡಿತು. ಬೆಳಕು ಮುಂದಿನ ಸಾಲಿನ ಚೊಕ್ಕಮ್ಮನ ಕಣ್ಣುಗಳ ಮೇಲೆ ನಡುಗುತ್ತ ನಿಂತಿತು.

“ಮುಚ್ಚೋ!” ಎಂದು ಕನ್ನಡಿ ಕಿರುಚಿತು. ರೆಪ್ಪೆ ಮುಚ್ಚಿತು, ಅಷ್ಟರಲ್ಲಿ ಚೊಕ್ಕಮ್ಮನೂ ಕಣ್ಣು ಮುಚ್ಚಿದ್ದಳು.

ಸಭಾಂಗಣದ ದೀಪಗಳೆಲ್ಲ ಹತ್ತಿದವು. ಕಣ್ಣು ಬಿಟ್ಟ ಚೊಕ್ಕಮ್ಮ ಪಕ್ಕದವರನ್ನು ಕೇಳಿದಳು: “ಆಟ ಮುಗೀತಲ್ಲ, ಇನ್ನೂ ಯಾಕೆ ದೀಪ ಹಾಕಿಲ್ಲ?”