ಹತ್ತನೆಯ ದಿನದ ಕಾಗೆ

ಹೊಳೆಯ ದಂಡೆಯ ಆ ಆಶ್ರಮಕ್ಕೆ ಹೆಸರೇ ಇರಲಿಲ್ಲ. ಅಲ್ಲಿದ್ದ ಗುರುವನ್ನು ಸುತ್ತಲಿನವರು ಹೊಳೆಯಜ್ಜ ಎನ್ನುತ್ತಿದ್ದರು. ಶಿಷ್ಯ ಇದ್ದದ್ದು ಒಬ್ಬನೇ, ಅಚ್ಯುತ.

ಅಚ್ಯುತ ಬಂದು ಒಂಬತ್ತು ವರ್ಷವಾಗಿತ್ತು. ಬಂದ ದಿನವೇ ಅವನು ಕೇಳಿದ್ದ: "ಅಜ್ಜಾ, ಸತ್ತ ಮೇಲೆ ಏನು?"

ಅಜ್ಜ ಅವನ ಕೈಗೆ ಪೊರಕೆ ಕೊಟ್ಟಿದ್ದರು. ಒಂಬತ್ತು ವರ್ಷದಲ್ಲಿ ಎಷ್ಟೋ ಪೊರಕೆಗಳು ಸವೆದುಹೋದವು, ಉತ್ತರ ಮಾತ್ರ ಬರಲಿಲ್ಲ.

ಗುರು ಹೇಳದ್ದನ್ನು ಅಚ್ಯುತ ಗ್ರಂಥಗಳಿಂದ ಹೆಕ್ಕಿಕೊಂಡ. ಸತ್ತವನು ಎಷ್ಟು ದಿನ ನಡೆಯುತ್ತಾನೆ, ಎಲ್ಲಿ ಹಸಿಯುತ್ತಾನೆ, ಯಾವ ನದಿ ದಾಟುತ್ತಾನೆ, ಎಲ್ಲ ಬಾಯಿಪಾಠ. ಆ ದಾರಿಯಲ್ಲಿ ತಾನೇ ಎರಡು ಸಲ ಹೋಗಿಬಂದವನ ಹಾಗೆ ಹೇಳುತ್ತಿದ್ದ.

ಆ ದಂಡೆಗೆ ಜನ ಹತ್ತನೆಯ ದಿನದ ಕರ್ಮಕ್ಕೆ ಬರುತ್ತಿದ್ದರು. ಬಾಳೆಯೆಲೆಯ ಮೇಲೆ ಪಿಂಡವಿಟ್ಟು, ದೂರ ಸರಿದು, ಕಾಗೆಗೆ ಕಾಯುವುದು ವಾಡಿಕೆ. ಕಾಗೆ ಮುಟ್ಟಿದರೆ ಸತ್ತವರು ತೃಪ್ತರಾದರು ಎಂದು ನಂಬಿಕೆ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದು. ಅಲ್ಲಿಯವರೆಗೆ ಮನೆಯವರು ಬಾಯಿಗೆ ಏನೂ ಹಾಕುವಂತಿರಲಿಲ್ಲ.

ಅಂದು ಬಂದವರು ನೀಲಕಂಠ ಮೇಷ್ಟ್ರ ಮನೆಯವರು. ಮೇಷ್ಟ್ರು ಶಾಲೆಯಲ್ಲಿ ವಿಜ್ಞಾನ ಕಲಿಸಿದವರು. ದೇವರಿಲ್ಲ, ಪರಲೋಕವಿಲ್ಲ ಎಂದು ಬದುಕಿಡೀ ಹೇಳಿದವರು. ನನಗೆ ಯಾವ ಕರ್ಮವೂ ಬೇಡ ಎಂದು ಬರೆದಿಟ್ಟೇ ಹೋಗಿದ್ದರು.

ಹೆಂಡತಿ ತುಂಗಮ್ಮನಿಗೆ ಮನಸ್ಸು ತಡೆಯಲಿಲ್ಲ. ಗಂಡುಮಕ್ಕಳಿಲ್ಲದ್ದರಿಂದ ಮೇಷ್ಟ್ರ ತಮ್ಮ ಶ್ರೀಕಂಠಯ್ಯ ಕರ್ಮಕ್ಕೆ ಕೂತರು. ಮಗಳು ಕಾತ್ಯಾಯಿನಿ ಅಪ್ಪನ ಪಡಿಯಚ್ಚು. ಅಮ್ಮನಿಗಾಗಿ ಬಂದು, ಮುಖ ಗಂಟಿಕ್ಕಿಕೊಂಡು ನಿಂತಿದ್ದಳು.

ಕಾಗೆಗಳಿಗೇನೂ ಬರವಿರಲಿಲ್ಲ. ಅತ್ತಿಮರದ ತುಂಬ ಕೂತಿದ್ದವು. ಒಂದೂ ಕೆಳಗಿಳಿಯಲಿಲ್ಲ.

ಶ್ರೀಕಂಠಯ್ಯ ಕೈಮುಗಿದು ಕೂಗಿದರು. "ಅಣ್ಣಾ, ಅತ್ತಿಗೇನ ನಾನು ನೋಡ್ಕೋತೀನಿ. ಬಾ."

ಕಾಗೆಗಳು ಬರಲಿಲ್ಲ.

"ಅಣ್ಣಾ, ನಿನ್ನ ಪುಸ್ತಕಗಳನ್ನ ರದ್ದಿಗೆ ಹಾಕಲ್ಲ. ಶಾಲೆಗೆ ಕೊಡ್ತೀನಿ. ಬಾರೋ."

ಆ ಮಾತಿಗೆ ಒಂದು ಕಾಗೆ ಕತ್ತು ಓರೆ ಮಾಡಿತು, ಅಷ್ಟೇ.

ಹೊತ್ತು ಏರಿತು. ತುಂಗಮ್ಮ ಎಪ್ಪತ್ತು ದಾಟಿದವರು, ಸಕ್ಕರೆ ಕಾಯಿಲೆಯವರು. ಹಿಂದಿನ ದಿನ ಮಧ್ಯಾಹ್ನದಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಅವರು ಅಚ್ಯುತನ ಕಡೆ ತಿರುಗಿದರು.

"ಸ್ವಾಮಿ, ಯಾಕೆ ಬರ್ತಿಲ್ಲ?"

ಅಜ್ಜ ಬೆಳಿಗ್ಗೆಯೇ ಹರಿಗೋಲು ಹತ್ತಿ ಆಚೆ ದಡಕ್ಕೆ ಹೋಗಿದ್ದರು. ಒಂಬತ್ತು ವರ್ಷದಲ್ಲಿ ಮೊದಲ ಸಲ ಒಬ್ಬರು ಅಜ್ಜನನ್ನು ಬಿಟ್ಟು ತನ್ನನ್ನು ಕೇಳಿದ್ದರು. ಅಚ್ಯುತನಿಗೆ ಒಳಗೊಳಗೇ ಖುಷಿಯಾಯಿತು. ಪಾಪ, ಅವನಿಗೂ ಆಸೆಯಿತ್ತು.

"ಬದುಕಿದ್ದಾಗ ಪರಲೋಕವೇ ಇಲ್ಲ ಅಂದವರಿಗೆ ಅಲ್ಲಿ ದಾರಿ ಸಿಗೋದು ಕಷ್ಟ, ಅಮ್ಮ" ಎಂದ. "ಅವರು ಇಲ್ಲೇ ಅಲೀತಿದ್ದಾರೆ. ಹಸಿದಿದ್ದಾರೆ."

ತುಂಗಮ್ಮ ಅವನನ್ನೇ ನೋಡಿದರು.

"ಹಸಿದಿದ್ದಾರಾ?"

"ಹೌದು."

"ಹಾಗಾದ್ರೆ ಕಾಗೆ ಮುಟ್ಟೋವರೆಗೂ ನಾನು ಒಂದು ಹನಿ ನೀರೂ ಕುಡಿಯಲ್ಲ" ಎಂದು ಅವರು ಕಲ್ಲಿನ ಮೇಲೆ ಕೂತುಬಿಟ್ಟರು.

ಒಂದು ಗಂಟೆ ಕಳೆಯಿತು. ತುಂಗಮ್ಮನ ಹಣೆಯ ಮೇಲೆ ಬೆವರೊಡೆಯಿತು. ಬೆರಳುಗಳು ನಡುಗತೊಡಗಿದವು. ಕಾತ್ಯಾಯಿನಿ ಬೆಲ್ಲದ ನೀರು ತಂದಳು. ತುಂಗಮ್ಮ ಹಲ್ಲು ಕಚ್ಚಿ ಮುಖ ತಿರುಗಿಸಿದರು.

"ಅಮ್ಮಾ, ಅಪ್ಪ ಎಲ್ಲೂ ಅಲೀತಿಲ್ಲ. ಅಪ್ಪ ಇಲ್ಲ. ಮುಗೀತು!"

ತುಂಗಮ್ಮ ಕಣ್ಣು ಮುಚ್ಚಿಕೊಂಡರು. ಶಿಷ್ಯನ ಮಾತು ಒಂದು ಕಡೆ ಇರಿದಿದ್ದರೆ ಮಗಳ ಮಾತು ಇನ್ನೊಂದು ಕಡೆ ಇರಿಯಿತು.

"ಬಾಯಿ ಮುಚ್ಚೇ" ಎಂದು ಶ್ರೀಕಂಠಯ್ಯ ಗದರಿದರು. "ನಿಮ್ಮಪ್ಪನ ಈ ನಾಸ್ತಿಕತನದಿಂದಲೇ ಇವತ್ತು ಈ ಗತಿ."

ಕಾತ್ಯಾಯಿನಿ ಚಿಕ್ಕಪ್ಪನನ್ನು ಬಿಟ್ಟು ಅಚ್ಯುತನ ಎದುರು ಬಂದು ನಿಂತಳು.

"ಅಮ್ಮನಿಗೆ ಏನಾದ್ರೂ ಆದ್ರೆ ಅದಕ್ಕೆ ನಿಮ್ಮ ಬಾಯೇ ಕಾರಣ."

ಅಚ್ಯುತ ಹೊಳೆಯ ಕಡೆ ನೋಡಿದ. ವೈದ್ಯರಿದ್ದದ್ದು ಆಚೆ ದಡದ ಊರಿನಲ್ಲಿ. ಇದ್ದೊಂದು ಹರಿಗೋಲು ಅಜ್ಜನ ಜೊತೆ ಅಲ್ಲಿಗೇ ಹೋಗಿತ್ತು.

ಅವನು ಓಡಿಹೋಗಿ ದರ್ಭೆ ತಂದು ಕಾಗೆಯ ಆಕಾರಕ್ಕೆ ಹೆಣೆದ. ನಿಜವಾದ ಕಾಗೆ ಬಾರದಿದ್ದರೆ ದರ್ಭೆಯ ಕಾಗೆಯಿಂದ ಮುಟ್ಟಿಸಿ ಕರ್ಮ ಮುಗಿಸುವುದುಂಟು.

"ಇದಕ್ಕೆ ಶಾಸ್ತ್ರದಲ್ಲಿ ಒಪ್ಪಿಗೆಯಿದೆ ಅಮ್ಮ" ಎಂದು ಅಂಗಲಾಚಿದ.

"ಶಾಸ್ತ್ರಕ್ಕೆ ಒಪ್ಪಿಗೆ ಇರಬಹುದು. ಅವರು ನಕಲಿಗೆ ಒಪ್ಪೋರಲ್ಲ."

ತುಂಗಮ್ಮನ ನಾಲಿಗೆ ತೊದಲುತ್ತಿತ್ತು.

ಅಚ್ಯುತ ಅತ್ತಿಮರದ ಕೆಳಗೆ ಹೋಗಿ ಅನ್ನದ ಅಗುಳು ಎರಚಿದ. ಕಾ, ಕಾ ಎಂದು ಕೂಗಿದ. ಆ ಗಲಾಟೆಗೆ ಕಾಗೆಗಳೆಲ್ಲ ಎದ್ದು ಇನ್ನೂ ದೂರದ ಮರಕ್ಕೆ ಹಾರಿದವು. ಅವನಿಗೆ ಅಳು ಬಂತು.

ನಡು ಮಧ್ಯಾಹ್ನಕ್ಕೆ ಹರಿಗೋಲು ಕಾಣಿಸಿತು. ಅಚ್ಯುತ ಮೊಣಕಾಲುದ್ದ ನೀರಿಗೆ ಇಳಿದು ನಿಂತ.

"ಅಜ್ಜಾ, ಕಾಗೆ ಪಿಂಡ ಮುಟ್ತಿಲ್ಲ!"

"ಆಮೇಲೆ?"

"ಆ ತಾಯಿ ನೀರು ಕುಡೀತಿಲ್ಲ. ಕೂತಲ್ಲೇ ಬೀಳೋ ಹಾಗಿದ್ದಾರೆ."

"ಅದನ್ನ ಮೊದಲು ಹೇಳಬಾರದೇನೋ" ಎಂದು ಅಜ್ಜ ಹರಿಗೋಲು ನಿಲ್ಲುವ ಮೊದಲೇ ಇಳಿದರು. "ಯಾಕೆ ಕುಡೀತಿಲ್ಲ?"

ಅಚ್ಯುತ ತಾನು ಹೇಳಿದ್ದನ್ನು ಹೇಳಿದ. ಹೇಳುತ್ತ ಹೇಳುತ್ತ ಅವನ ದನಿ ಸಣ್ಣದಾಯಿತು.

"ಮೇಷ್ಟ್ರು ಹಸಿದಿದ್ದಾರೆ ಅಂತ ನಿನಗೆ ಯಾರು ಹೇಳಿದರು?"

"ಗ್ರಂಥದಲ್ಲಿದೆ, ಅಜ್ಜ."

"ನಿನಗೆ ಗೊತ್ತೇನೋ ಅಂತ ಕೇಳಿದೆ."

ಅಚ್ಯುತ ನೀರನ್ನು ನೋಡಿದ.

"ಗೊತ್ತಿಲ್ಲ."

"ನನಗೆ ಹೇಳಿ ಏನು ಬಂತು? ಅಲ್ಲಿ ಹೋಗಿ ಹೇಳು."

ಕಲ್ಲಿನವರೆಗೆ ನಲವತ್ತು ಹೆಜ್ಜೆ ಇದ್ದೀತು. ಅಚ್ಯುತನಿಗೆ ಒಂದೊಂದು ಹೆಜ್ಜೆಯೂ ಭಾರವಾಯಿತು. ಎಲ್ಲರೆದುರು ಹೇಳಬೇಕಲ್ಲ ಎಂದು ನಾಚಿಕೆ. ಹೇಳುವಷ್ಟರಲ್ಲಿ ಆಕೆ ಹೋಗಿಬಿಟ್ಟರೆ ಎಂಬ ಭಯ ಅದಕ್ಕಿಂತ ದೊಡ್ಡದು. ಕೊನೆಯ ಹತ್ತು ಹೆಜ್ಜೆ ಅವನು ಓಡಿದ.

"ಅಮ್ಮ" ಎಂದು ಮಂಡಿಯೂರಿದ. "ನಾನು ಬೆಳಿಗ್ಗೆ ಹೇಳಿದ್ದು ನನಗೆ ಗೊತ್ತಿಲ್ಲದ ಮಾತು. ಮೇಷ್ಟ್ರು ಎಲ್ಲಿದ್ದಾರೋ, ಹಸಿದಿದ್ದಾರೋ ಇಲ್ಲವೋ, ನನಗೆ ಗೊತ್ತಿಲ್ಲ. ಗೊತ್ತಿರೋನ ಹಾಗೆ ಹೇಳಿದೆ. ತಪ್ಪಾಯಿತು."

ಶ್ರೀಕಂಠಯ್ಯ ಕೆಂಡವಾದರು. "ಹಾಗಾದ್ರೆ ಒಂಬತ್ತು ವರ್ಷ ಇಲ್ಲಿ ಕೂತು ಕಡಿದು ಕಟ್ಟೆ ಹಾಕಿದ್ದೇನು ಸ್ವಾಮಿ?"

"ನಾನು ಹೇಳಲಿಲ್ವಾ?" ಎಂದಳು ಕಾತ್ಯಾಯಿನಿ. "ಸತ್ತ ಮೇಲೆ ಏನೂ ಇಲ್ಲ."

ಹಿಂದಿನಿಂದ ಬಂದ ಅಜ್ಜ ಅವಳನ್ನು ಕೇಳಿದರು. "ಇಲ್ಲ ಅಂತ ನೋಡ್ಕೊಂಡು ಬಂದೆಯಾ, ಮಗಳೇ?"

"ಇದೆ ಅಂತ ನೀವು ನೋಡ್ಕೊಂಡು ಬಂದಿದ್ದೀರಾ?"

"ಇಲ್ಲಮ್ಮ. ನಾನೂ ಹೋಗಿಲ್ಲ."

ಶ್ರೀಕಂಠಯ್ಯ ಕಿವಿ ಮುಚ್ಚಿಕೊಂಡರು.

ತುಂಗಮ್ಮ ಕಷ್ಟಪಟ್ಟು ಕಣ್ಣು ತೆರೆದರು. "ಯಾರಿಗೂ ಗೊತ್ತಿಲ್ಲ ಅಂದ್ರೆ ನಾನು ಯಾರನ್ನ ಕೇಳಲಿ, ಅಜ್ಜ?"

ಅಜ್ಜ ಅವರ ಎದುರು ನೆಲದ ಮೇಲೆ ಕೂತರು.

"ನಾನೇ ನಿಮ್ಮನ್ನ ಕೇಳ್ತೀನಿ. ಮೇಷ್ಟ್ರು ಹಸಿವು ತಡೆಯೋರಾ?"

"ಎಲ್ಲಿ ಬಂತು!" ತುಂಗಮ್ಮನ ಒಣಗಿದ ತುಟಿ ತುಸು ಅಲುಗಿತು. "ಹನ್ನೊಂದಕ್ಕೆ ಎಲೆ ಹಾಕದಿದ್ರೆ ಮನೆ ತಲೆ ಮೇಲೆ. ಏಕಾದಶಿ ಒಂದು ದಿನ ಬಿಟ್ಟು."

"ಅವರಿಗೆಂಥ ಏಕಾದಶಿ?"

"ಉಪವಾಸ ನನಗೆ. ಅವರಿಗೇನೂ ಇರ್ಲಿಲ್ಲ. ಆದ್ರೂ ಉಣ್ತಿರ್ಲಿಲ್ಲ. ನಿನ್ನ ದೇವರು ಸುಳ್ಳು ಕಣೇ, ನಿನ್ನ ಹಸಿವು ಸುಳ್ಳಲ್ಲವಲ್ಲ, ಅದರೆದುರು ನಾನು ಹ್ಯಾಗೆ ಉಣ್ಣಲಿ ಅನ್ನೋರು." ಅವರು ಉಸಿರೆಳೆದುಕೊಂಡರು. "ನಲವತ್ತಾರು ವರ್ಷ, ಅಜ್ಜ. ಈಗ ಅವರು ಹಸಿದಿದ್ರೆ ನಾನು ಹ್ಯಾಗೆ..."

ಕಾತ್ಯಾಯಿನಿ ಬೆರಗಾಗಿ ನೋಡಿದಳು. "ಅಪ್ಪ ಹೊಟ್ಟೆ ಸರಿಯಿಲ್ಲ ಅಂತಿದ್ರಲ್ಲಮ್ಮ?"

"ನಿನ್ನ ಹತ್ರ ಹಾಗನ್ನೋರು. ನಾಚಿಕೆ."

"ಮಾರನೇ ದಿನ ಬೆಳಿಗ್ಗೆ?" ಎಂದರು ಅಜ್ಜ.

"ದ್ವಾದಶಿ ಬೆಳಿಗ್ಗೆ ಅವರೇ ಚೊಂಬಲ್ಲಿ ನೀರು ತರೋರು. ಮೊದಲು ನನಗೆ ಕೊಡೋರು. ನಾನು ಕುಡಿದ ಮೇಲೆಯೇ ಅವರು..."

ತುಂಗಮ್ಮನ ಮಾತು ಅಲ್ಲಿಗೇ ನಿಂತಿತು.

ಅಜ್ಜ ಪಕ್ಕದಲ್ಲಿದ್ದ ಬೆಲ್ಲದ ನೀರಿನ ಚೊಂಬನ್ನು ಎತ್ತಿ ಕಾತ್ಯಾಯಿನಿಯ ಕೈಗಿಟ್ಟರು. ಅವಳು ಅದನ್ನು ಅಮ್ಮನ ಮುಂದೆ ಹಿಡಿದಳು.

ತುಂಗಮ್ಮ ತುಟಿ ಬಿಚ್ಚಲಿಲ್ಲ.

ಅಚ್ಯುತನಿಗೆ ಏನಾದರೂ ಹೇಳೋಣ ಅನ್ನಿಸಿತು. ಹೇಳುವ ಮಾತೊಂದೂ ಅವನಲ್ಲಿರಲಿಲ್ಲ.

"ಅಮ್ಮಾ" ಎಂದಳು ಕಾತ್ಯಾಯಿನಿ. ಅವಳ ದನಿಯಲ್ಲಿ ವಾದ ಉಳಿದಿರಲಿಲ್ಲ. "ಮೊದಲು ನೀನು."

ತುಂಗಮ್ಮ ಮಗಳ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಡುಗುವ ಎರಡೂ ಕೈಯಲ್ಲಿ ಚೊಂಬು ಹಿಡಿದು ಕುಡಿದರು. ಅರ್ಧ ಸೆರಗಿನ ಮೇಲೆ ಚೆಲ್ಲಿತು, ಅರ್ಧ ಗಂಟಲಿಗಿಳಿಯಿತು. ಅಚ್ಯುತ ಬಿಕ್ಕಿಬಿಕ್ಕಿ ಅತ್ತುಬಿಟ್ಟ.

ಸ್ವಲ್ಪ ಹೊತ್ತಿಗೆ ಆಕೆಯ ಕೈನಡುಕ ಇಳಿಯಿತು. ಆಗಲೇ ಶ್ರೀಕಂಠಯ್ಯ ಕೂಗಿದ್ದು: "ಪಿಂಡ ಎಲ್ಲಿ?"

ಎಲ್ಲರೂ ತಿರುಗಿದರು. ಎಲೆ ಬರಿದಾಗಿತ್ತು.

ಕಾಗೆಗಳು ಯಾವಾಗಲೋ ಅತ್ತಿಮರಕ್ಕೆ ಮರಳಿದ್ದವು. ಒಂದು ನಾಯಿ ಮೂತಿ ನೆಕ್ಕಿಕೊಳ್ಳುತ್ತ ದಂಡೆಗುಂಟ ಹೋಗುತ್ತಿತ್ತು. ಎಲೆಯ ಒಂದು ಅಂಚನ್ನು ಹೊಳೆಯ ನೀರು ಮುಟ್ಟಿ ಮುಟ್ಟಿ ಹಿಂದೆ ಸರಿಯುತ್ತಿತ್ತು. ಕಂಡವರು ಒಬ್ಬರೂ ಇರಲಿಲ್ಲ. ಎಲ್ಲರ ಕಣ್ಣೂ ತುಂಗಮ್ಮನ ಮೇಲಿತ್ತು.

"ಕಾಗೆಯೇ! ಅಣ್ಣ ಬಂದು ಹೋದ!" ಎಂದು ಶ್ರೀಕಂಠಯ್ಯ ಕಣ್ಣೊರೆಸಿಕೊಂಡರು.

"ನಾಯಿ" ಎಂದಳು ಕಾತ್ಯಾಯಿನಿ. ಅಷ್ಟು ಹೇಳಿ, ಜಗಳ ಮುಂದುವರಿಸದೆ, ಅಮ್ಮನ ಗಲ್ಲದ ಮೇಲಿನ ನೀರು ಒರೆಸಿದಳು.

ತುಂಗಮ್ಮ ಎಲೆಯ ಕಡೆ ಒಮ್ಮೆ ನೋಡಿ ಸುಮ್ಮನಾದರು. ಮಗಳ ಭುಜಕ್ಕೆ ಒರಗಿ, ಹಸಿವಾಗ್ತಿದೆ ಕಣೇ ಎಂದರು.

ಅಚ್ಯುತನಿಗೆ ಸುಮ್ಮನಿರಲಾಗಲಿಲ್ಲ. ಎಲೆಯ ಬಳಿ ಕುಕ್ಕರಗಾಲಿನಲ್ಲಿ ಕೂತು ಹೆಜ್ಜೆಗುರುತು ಹುಡುಕಿದ. ಮರಳು ಒದ್ದೆಯಾಗಿತ್ತು, ಗುರುತೇನೂ ಉಳಿದಿರಲಿಲ್ಲ. ಎದ್ದು ಅಜ್ಜನ ಬಳಿ ಬಂದ.

"ಅಜ್ಜಾ, ನೀವು ಆ ಕಡೆ ಮುಖ ಮಾಡಿ ಕೂತಿದ್ರಿ. ನೋಡಿರ್ತೀರಿ. ಮುಟ್ಟಿದ್ದು ಕಾಗೆಯೋ, ನಾಯಿಯೋ, ಹೊಳೆಯೋ? ಮೇಷ್ಟ್ರು ಹೋದ್ರೋ, ಇಲ್ಲೇ ಇದ್ದಾರೋ, ಮೊದಲಿಂದಲೂ ಎಲ್ಲೂ ಇರಲೇ ಇಲ್ಲವೋ? ಇದೊಂದು ಹೇಳಿಬಿಡಿ, ಇನ್ನು ಯಾವತ್ತೂ ಏನೂ ಕೇಳಲ್ಲ."

ಅಜ್ಜ ಮಂಡಿ ಹಿಡಿದುಕೊಂಡು ಮೆಲ್ಲಗೆ ಎದ್ದರು.

"ನಿನ್ನ ಪ್ರಶ್ನೆಗೆ ಹೊಟ್ಟೆಯಿಲ್ಲ ಕಣೋ, ಕಾಯುತ್ತೆ. ಆ ತಾಯಿಗಿದೆ. ಹೋಗು, ಅನ್ನ ಬಡಿಸು."