ಮೌನ ಹಿಡಿದ ಹರಟೆಮಲ್ಲ

ಮಕ್ಕಳೇ, ಹರಟೆಮಲ್ಲ ಎಂಬ ಹಕ್ಕಿಯನ್ನು ನೋಡಿದ್ದೀರಾ? ಆ ಹೆಸರು ಕೇಳಿದರೇ ನನಗೆ ಖುಷಿ! ಒಣಮಣ್ಣಿನ ಬಣ್ಣ. ಏಳೆಂಟು ಹಕ್ಕಿಗಳು ಒಟ್ಟಿಗೆ ಕುಪ್ಪಳಿಸುತ್ತ, ತರಗೆಲೆ ಮಗುಚಿ ಹುಳ ಹೆಕ್ಕುತ್ತ, ಒಂದೇ ಸಮನೆ ಹರಟುತ್ತವೆ. ಒಬ್ಬ ಮಾತ್ರ ಕೊಂಬೆಯ ಮೇಲೆ ಕಾವಲು.

ಕುರುಚಲು ಕಾಡಿನ ಕೆರೆಯಂಚಿನಲ್ಲಿ ಅಂಥದೊಂದು ಗುಂಪಿತ್ತು. ತಮ್ಮಲ್ಲೇ ದೊಡ್ಡ ಗಂಟಲಿನ ಬೂದಣ್ಣನನ್ನು ಅವು ನಾಯಕನಾಗಿ ಆರಿಸಿದವು.

ನಾಯಕನಾದದ್ದೇ ತಡ, ಬೂದಣ್ಣನಿಗೆ ತನ್ನ ಕುಲದ ಹೆಸರು ಹೇಳಲೇ ನಾಚಿಕೆಯಾಯಿತು. ನಾಯಕನಾದವನನ್ನು ಹರಟೆಮಲ್ಲ ಅನ್ನುವುದೇ? ಕೆರೆಯಲ್ಲಿ ಕೊಕ್ಕರೆ ಒಂಟಿಕಾಲಲ್ಲಿ ನಿಂತಿತ್ತು. ಮಾತಿಲ್ಲ, ಕತೆಯಿಲ್ಲ. ಆಹಾ, ಎಂಥ ಗಾಂಭೀರ್ಯ!

"ಇನ್ನು ಮೇಲೆ ಹರಟೆ ಬಂದ್!" ಎಂದ ಬೂದಣ್ಣ. "ನಾವು ಮೌನಮಲ್ಲರು. ಯಾರಿಗಾದರೂ ಮಾತಾಡಬೇಕಿದ್ದರೆ ರೆಕ್ಕೆ ಎತ್ತಿ ನನ್ನ ಅಪ್ಪಣೆ ಕೇಳಿ."

"ಅಲ್ಲವೋ, ಕೊಕ್ಕರೆ ಒಂಟಿ ಹಕ್ಕಿ. ಅದು ಯಾರ ಹತ್ತಿರ ಮಾತಾಡಬೇಕು?" ಎಂದಳು ಮುದುಕಿ ತಿಪ್ಪತ್ತೆ.

"ಅತ್ತೆ, ನೀನು ರೆಕ್ಕೆ ಎತ್ತಲಿಲ್ಲ!"

ತಿಪ್ಪತ್ತೆ ಕೊಕ್ಕು ಮುಚ್ಚಿದಳು.

ಮರುದಿನ ಕೆರೆಯಂಚು ಗಪ್‌ಚಿಪ್. ಬೂದಣ್ಣ ಕಲ್ಲಿನ ಮೇಲೆ ಒಂಟಿಕಾಲಲ್ಲಿ ನಿಂತು, ಕಣ್ಣು ಅರೆ ಮುಚ್ಚಿದ. ಅವನ ತಂಗಿ ಚಿಗುರಿ ಪಕ್ಕದಲ್ಲೇ ಹುಳ ಹುಡುಕುತ್ತಿದ್ದಳು.

ಧಪ್!

ಬೂದಣ್ಣ ಕಣ್ಣು ಬಿಟ್ಟ. ಗಿಡುಗ! ಅದರ ಉಗುರಿನಡಿ ಚಿಗುರಿ ವಿಲವಿಲ ಒದ್ದಾಡುತ್ತಿದ್ದಳು.

ಸುತ್ತ ನೋಡಿದರೆ, ಅಯ್ಯೋ, ಏನು ಹೇಳಲಿ ಮಕ್ಕಳೇ! ಎಲ್ಲರೂ ನಡುಗುತ್ತ ಒಂದೊಂದು ರೆಕ್ಕೆ ಎತ್ತಿ ನಿಂತಿದ್ದರು. ಒಬ್ಬರ ಕೊಕ್ಕೂ ತೆರೆದಿರಲಿಲ್ಲ!

"ಕೂಗ್ರೋ! ಎಲ್ಲರೂ ಕೂಗ್ರೋ!" ಬೂದಣ್ಣನ ದನಿ ಗಂಟಲು ಒಡೆದು ಹೊರಬಂತು. ಕಿರಿಚುತ್ತ ಅವನೇ ಮೊದಲು ಗಿಡುಗನ ಮುಖಕ್ಕೆ ಹಾರಿದ. ಅವನ ಹಿಂದೆ ಇಡೀ ಗುಂಪು ಕಚಪಿಚ, ಕಚಪಿಚ ಎನ್ನುತ್ತ ಮುತ್ತಿಕೊಂಡಿತು. ಕಿವಿ ಕಿತ್ತುಹೋಗುವ ಗದ್ದಲ! ತಬ್ಬಿಬ್ಬಾದ ಗಿಡುಗ ಹಿಡಿತ ಬಿಟ್ಟು ಹಾರಿಹೋಯಿತು. ಚಿಗುರಿಯ ಬಾಲ ಮಾತ್ರ ಅದರ ಪಾಲಾಯಿತು.

ಬೂದಣ್ಣ ಕಾವಲಿನ ಗುಂಡನತ್ತ ತಿರುಗಿದ. "ನಿನಗೆ ಕಾಣಲಿಲ್ಲವೇನೋ?"

"ಆಕಾಶದಲ್ಲಿರುವಾಗಲೇ ಕಂಡೆ, ಅಣ್ಣ. ಮೂರು ಸಲ ರೆಕ್ಕೆ ಎತ್ತಿದೆ. ನೀನು ಕಣ್ಣು ಮುಚ್ಚಿದ್ದೆ."

ಬೂದಣ್ಣ ತಾನು ಒಂಟಿಕಾಲಲ್ಲಿ ನಿಂತಿದ್ದ ಕಲ್ಲಿನತ್ತ ನೋಡಿದ.

"ನಿನ್ನ ಕಾಲು ನೋಡಿ ನಾಯಕ ಮಾಡಿದೆವೇನೋ?" ಎಂದಳು ತಿಪ್ಪತ್ತೆ. "ಆ ಗಂಟಲು ನಂಬಿಯಪ್ಪಾ!"

ಬೂದಣ್ಣ ಸರಸರನೆ ಕಾವಲು ಕೊಂಬೆ ಏರಿದ. "ಗುಂಡ, ಕೆಳಗಿಳಿ. ಇವತ್ತು ನಾನೇ ಕೂಗುತ್ತೇನೆ. ನೀವೂ ಸುಮ್ಮನಿರಬೇಡಿ. ಏನೇ ಚಿಗುರಿ, ನೋವಿದೆಯೇನೇ?"

"ನೋವಿರಲಿ, ಬಾಲ ಬೆಳೆಯುವವರೆಗೆ ನನ್ನ ಹುಳ ನೀನೇ ತರಬೇಕು!"

"ತರ್ತೀನಿ ಮಾರಾಯ್ತಿ, ತರ್ತೀನಿ!"

ನೀತಿ: ನಾಯಕನಾದವನು ಮೊದಲು ತನ್ನ ಬಲ ಯಾವುದೆಂದು ಅರಿಯಬೇಕು; ಅದಕ್ಕೆ ನಾಚಿ ಪರರ ಠೀವಿ ತೊಟ್ಟರೆ, ಕಾಯಬೇಕಾದ ತನ್ನವರ ಬಾಯನ್ನೇ ಕಟ್ಟಿಬಿಡುತ್ತಾನೆ.